ನಾರಿಗಾಗಿ ಕೊಳೆಸಿದ ಗಿಡ: ಸ್ಪ್ಯಾನಿಶ್ ಮಾಸ್ ಕಸುಬಿನ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿರುವ ಲೂಯಿಸಿಯಾನ, ಫ್ಲಾರಿಡ, ಜಾರ್ಜಿಯ ಮತ್ತು ದಕ್ಷಿಣ ಕ್ಯಾರೊಲಿನ ರಾಜ್ಯಗಳ ಓಕ್ ಹಾಗೂ ಸೈಪ್ರೆಸ್ ಮರಗಳಿಂದ ನರೆತ ಜಡೆಯಂತೆ ಇಳಿಬಿದ್ದಿರುವ ಗಿಡವೊಂದು ಬಹುಕಾಲ ಒಂದು ದೊಡ್ಡ ಕಸುಬಿಗೆ ಆಧಾರವಾಗಿತ್ತು. ಸ್ಪ್ಯಾನಿಶ್ ಮಾಸ್ ಎಂದು ಹೆಸರಾದ, ಸಸ್ಯಶಾಸ್ತ್ರದಲ್ಲಿ ಟಿಲ್ಯಾಂಡ್ಸಿಯ ಅಸ್ನಿಯಾಯ್ಡೀಸ್ ಎನಿಸಿಕೊಳ್ಳುವ ಈ ಗಿಡವನ್ನು ಆ ಕಾಲದಲ್ಲಿ ನೆಟ್ಟವರಿಲ್ಲ, ನೀರೆರೆದವರಿಲ್ಲ. ಮರದಿಂದ ಇಳಿಸಿ, ಕೊಳೆಸಿ, ಒಣಗಿಸಿ, ಅದರ ಒಡಲಿನ ಕಪ್ಪು ನಾರನ್ನು ಹಾಸಿಗೆ, ಕುರ್ಚಿ ಮತ್ತು ಗಾಡಿಗಳ ಆಸನಗಳಿಗೆ ತುಂಬುವುದೇ ಅದರ ಮುಖ್ಯ ಉಪಯೋಗವಾಗಿತ್ತು. ಕಸುಬು ಅಳಿದ ಮೇಲೆ ಅದೇ ಗಿಡ ನರ್ಸರಿಗಳಲ್ಲೂ ಮನೆಗಳ ಬಾಲ್ಕನಿಗಳಲ್ಲೂ ಜೀವಂತವಾಗಿ ತೂಗತೊಡಗಿತು. ನಾರನ್ನು ನಂಬಿ ಬಾಳಿದವರಿಗೆ ಗಿಡದ ಹೊರಮೈ ಕೊಳೆತುಹೋಗಬೇಕಾದ ಕಸವಾಗಿದ್ದರೆ, ಇಂದು ಅದನ್ನು ಬೆಳೆಸುವವರಿಗೆ ಆ ಹೊರಮೈಯೇ ಸರ್ವಸ್ವವಾಗಿದೆ. ಒಂದೇ ಗಿಡದ ಎರಡು ಭಾಗಗಳಲ್ಲಿ ಯಾವುದಕ್ಕೆ ಬೆಲೆ ಬಂದಿತು, ಯಾವಾಗ ಬಂದಿತು, ಏಕೆ ಬಂದಿತು ಎಂಬುದನ್ನು ಅನುಸರಿಸಿ ಹೋದರೆ ಈ ಕಸುಬಿನ ಏಳುಬೀಳುಗಳಷ್ಟೇ ಅಲ್ಲದೆ ಗಿಡವನ್ನು ಬೆಳೆಸುವ ಈಗಿನ ಕ್ರಮದ ಹಿನ್ನೆಲೆಯೂ ತಿಳಿಯುತ್ತದೆ.

ಗಿಡದ ಸ್ವರೂಪ

ಇಂಗ್ಲಿಷಿನಲ್ಲಿ ಮಾಸ್ ಎಂದರೆ ಹಾವಸೆಯಾದರೂ ಈ ಗಿಡ ಹಾವಸೆಯಲ್ಲ. ಹೂಬಿಟ್ಟು ಬೀಜ ಕಟ್ಟುವ, ಅನಾನಸ್ ಕುಟುಂಬಕ್ಕೆ ಸೇರಿದ ಸಸ್ಯ. ಬ್ರೊಮೀಲಿಯೇಸಿ ಎಂದು ಕರೆಯಲಾಗುವ ಈ ಕುಟುಂಬದ ಸಾವಿರಾರು ಪ್ರಭೇದಗಳಲ್ಲಿ ಪಶ್ಚಿಮ ಆಫ್ರಿಕದ ಒಂದನ್ನು ಬಿಟ್ಟರೆ ಉಳಿದವೆಲ್ಲವೂ ಅಮೆರಿಕ ಖಂಡಗಳವೇ ಆಗಿವೆ. ಭಾರತದ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಬ್ರೊಮೀಲಿಯ ಒಂದೂ ಇಲ್ಲ. ಪೋರ್ಚುಗೀಸರ ಮೂಲಕ ಬಂದ ಅನಾನಸ್ಸೇ ಈ ನೆಲಕ್ಕೆ ಆ ಕುಟುಂಬದ ಹಳೆಯ ಪರಿಚಯ. ಕುಟುಂಬದ ಪ್ರಭೇದಗಳಲ್ಲೆಲ್ಲ ಅತಿ ವಿಶಾಲವಾಗಿ ಹರಡಿರುವ ಸ್ಪ್ಯಾನಿಶ್ ಮಾಸ್, ಉತ್ತರದಲ್ಲಿ ವರ್ಜೀನಿಯದ ಕರಾವಳಿಯಿಂದ ಮೊದಲ್ಗೊಂಡು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳನ್ನು ಹಾದು ದಕ್ಷಿಣದಲ್ಲಿ ಅರ್ಜೆಂಟೀನ ಮತ್ತು ಚಿಲಿಯವರೆಗೆ ಬೆಳೆಯುತ್ತದೆ.

ಮತ್ತೊಂದು ಮರದ ಮೇಲೆ ನೆಲೆನಿಂತೂ ಅದರ ರಸವನ್ನು ಹೀರದೆ ಬದುಕುವ ಸಸ್ಯಗಳಿಗೆ ಅಪ್ಪುಗಿಡಗಳೆಂದು ಹೆಸರು. ಮಾವಿನ ಕೊಂಬೆಯೊಳಕ್ಕೆ ಬೇರಿಳಿಸಿ ಅದರ ಸಾರವನ್ನೇ ಉಣ್ಣುವ ಬದನಿಕೆ ಪರಾವಲಂಬಿಯಾದರೆ, ಮಲೆನಾಡಿನ ಮರಗಳ ಮೇಲೆ ಗೊಂಚಲು ಹೂ ಬಿಡುವ ಸೀತೆದಂಡೆಯಂಥ ಆರ್ಕಿಡ್‌ಗಳು ಅಪ್ಪುಗಿಡಗಳು. ಆರ್ಕಿಡ್‌ಗೆ ತೊಗಟೆಯನ್ನು ಹಿಡಿದುಕೊಳ್ಳಲೂ ನೀರನ್ನು ಹೀರಿಕೊಳ್ಳಲೂ ಬೇರುಗಳುಂಟು. ಬೆಳೆದ ಸ್ಪ್ಯಾನಿಶ್ ಮಾಸ್‌ಗೆ ಅವೂ ಇಲ್ಲ. ದಾರದಷ್ಟು ತೆಳುವಾದ ಕಾಂಡ, ಅದರ ಉದ್ದಕ್ಕೂ ಕೆಲವೇ ಸೆಂಟಿಮೀಟರ್ ಉದ್ದದ ಎಳೆಯಂಥ ಎಲೆಗಳು, ಎಲೆಯ ಬುಡದಲ್ಲಿ ಬೇಸಗೆಯ ಹೊತ್ತಿಗೆ ಅರಳುವ, ಮೂರು ಎಸಳಿನ, ಹಸುರು ಛಾಯೆಯ ಪುಟ್ಟ ಹೂಗಳು, ಇಷ್ಟೇ ಅದರ ದೇಹ. ಒಂದು ತುಂಡು ಇನ್ನೊಂದಕ್ಕೆ ಸಿಕ್ಕಿಕೊಂಡು, ಕವಲೊಡೆದು, ಆರು ಮೀಟರಿನವರೆಗೂ ಇಳಿಬೀಳಬಲ್ಲದು. ಗರಿಯಂಥ ಕೂದಲುಳ್ಳ ಬೀಜಗಳು ಗಾಳಿಯಲ್ಲಿ ತೇಲಿ ಹೊಸ ಮರಗಳನ್ನು ಸೇರುವುದುಂಟಾದರೂ ಗಾಳಿಗೆ ಹರಿದು ಹಾರಿದ, ಇಲ್ಲವೆ ಹಕ್ಕಿಗಳು ಗೂಡಿಗೆಂದು ಕೊಂಡೊಯ್ದ ತುಂಡುಗಳಿಂದಲೇ ಗಿಡ ಹೆಚ್ಚಾಗಿ ಹಬ್ಬುತ್ತದೆ.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನ್ನೇಯಸ್ ಈ ಕುಲಕ್ಕೆ ಫಿನ್ಲೆಂಡಿನ ಟರ್ಕು ನಗರದ ವೈದ್ಯಕೀಯ ಪ್ರಾಧ್ಯಾಪಕ ಎಲಿಯಾಸ್ ಟಿಲ್ಯಾಂಡ್ಸ್‌ನ ಹೆಸರನ್ನಿಟ್ಟ. ಒಮ್ಮೆ ಕಡಲ ಪ್ರಯಾಣದಲ್ಲಿ ತೀರ ಬಳಲಿದ ಟಿಲ್ಯಾಂಡ್ಸ್, ಹಿಂದಿರುಗುವಾಗ ಹಡಗು ಹತ್ತದೆ ಬಾತ್ನಿಯ ಕೊಲ್ಲಿಯನ್ನೇ ಸುತ್ತುಹಾಕಿ ನೆಲದ ದಾರಿಯಲ್ಲಿ ಬಂದನೆಂಬ ಕಥೆಯಿತ್ತು. ನೀರಿಗೆ ಅಂಜುವ ಗಿಡಕ್ಕೆ ನೀರಿಗೆ ಅಂಜಿದವನ ಹೆಸರು ಸಲ್ಲುತ್ತದೆಂಬುದು ಲಿನ್ನೇಯಸ್ಸನ ಭಾವನೆಯಾಗಿತ್ತು. ಗಾಳಿಯಲ್ಲಿ ತೂಗುವ ಗಿಡಕ್ಕೆ ನೀರು ಬೇಡವೆಂಬ ಈ ಕಲ್ಪನೆ ತಪ್ಪೆಂದು ತೋರಿಸಿಕೊಡಲು 19ನೇ ಶತಮಾನದ ಕೊನೆಯ ದಶಕಗಳೇ ಬರಬೇಕಾಯಿತು.

ಮಡಕೆ, ಉಡುಪು, ಗೋಡೆ

ಈ ಗಿಡದ ನಾರಿನ ಬಳಕೆ ಯೂರೋಪಿಯನ್ನರ ಆಗಮನಕ್ಕಿಂತ ಬಹಳ ಹಿಂದಿನದು. ಜಾರ್ಜಿಯ ಮತ್ತು ದಕ್ಷಿಣ ಕ್ಯಾರೊಲಿನಗಳ ಗಡಿಯಲ್ಲಿ ಹರಿಯುವ ಸವಾನ ನದಿಯ ದಂಡೆಯಲ್ಲೂ ಫ್ಲಾರಿಡದ ಸೇಂಟ್ ಜಾನ್ಸ್ ನದಿಯ ಬಯಲಿನಲ್ಲೂ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮಡಕೆಯ ಚೂರುಗಳು ದೊರೆತಿದ್ದು, ಉತ್ತರ ಅಮೆರಿಕದ ಅತಿ ಹಳೆಯ ಮಡಕೆಗಳ ಸಾಲಿಗೆ ಅವು ಸೇರುತ್ತವೆ. ಒಣಗುವಾಗ ಮತ್ತು ಸುಡುವಾಗ ಬಿರುಕು ಬಿಡದಿರಲೆಂದು ಜೇಡಿಮಣ್ಣಿಗೆ ಸಸ್ಯದ ನಾರನ್ನು ಬೆರೆಸಿ ಅವುಗಳನ್ನು ಮಾಡಲಾಗಿದೆ. ಬೆಂಕಿಯಲ್ಲಿ ನಾರು ಉರಿದುಹೋದರೂ ಅದರ ಅಚ್ಚು ಮಣ್ಣಿನಲ್ಲಿ ಉಳಿದಿದೆ. ಹಾಗೆ ಬೆರೆಸಿದ ನಾರುಗಳಲ್ಲಿ ಸ್ಪ್ಯಾನಿಶ್ ಮಾಸ್ ಮುಖ್ಯವಾದುದೆಂದು ಪುರಾತತ್ವಜ್ಞರು ಗುರುತಿಸಿದ್ದಾರೆ.

ಬರೆಹದ ದಾಖಲೆ 16ನೇ ಶತಮಾನದಲ್ಲಿ ದೊರೆಯುತ್ತದೆ. 1564ರಲ್ಲಿ ಫ್ಲಾರಿಡದ ಕರಾವಳಿಯಲ್ಲಿ ಫ್ರೆಂಚರು ಕಟ್ಟಿದ ಫೋರ್ಟ್ ಕ್ಯಾರೊಲಿನ್ ಎಂಬ ಕೋಟೆಗೆ ಬಂದಿದ್ದ ಚಿತ್ರಕಾರ ಜಾಕ್ ಲ ಮ್ವಾನ್, ಮರುವರ್ಷ ಸ್ಪೇನಿನ ಸೇನೆ ಆ ಕೋಟೆಯನ್ನು ಹಿಡಿದಾಗ ಪಾರಾಗಿ ಯೂರೋಪಿಗೆ ಮರಳಿದ. ಅವನ ಚಿತ್ರಗಳನ್ನು ಆಧರಿಸಿದ ಅಚ್ಚುಗಳನ್ನು ತಿಯೊಡೋರ್ ದ ಬ್ರಿ 1591ರಲ್ಲಿ ಪ್ರಕಟಿಸಿದ. ಅವುಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಟಿಮುಕ್ವ ಜನಾಂಗದ ಹೆಂಗಸರು ಈ ಮರದ ಮಾಸ್‌ನಿಂದ ಮಾಡಿದ ಉಡುಪನ್ನು ತೊಟ್ಟಿದ್ದಾರೆ. ಒಣಮಾಸ್ ಕಟ್ಟಿ ಹೊತ್ತಿಸಿದ ಬಾಣಗಳನ್ನು ಶತ್ರುಗಳ ಹುಲ್ಲುಮನೆಗಳ ಮೇಲೆ ಬಿಡುವ ದೃಶ್ಯವೂ ಇದೆ. ಯೂರೋಪಿನ ಚಿತ್ರಕಾರರ ಕಲ್ಪನೆ ಈ ಅಚ್ಚುಗಳಲ್ಲಿ ಸಾಕಷ್ಟು ಬೆರೆತಿದೆಯೆಂದು ವಿದ್ವಾಂಸರು ಎಚ್ಚರಿಸಿರುವುದರಿಂದ ಉಡುಪಿನ ವಿವರಗಳನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಆದರೆ ಈ ಗಿಡ ಆ ಜನರ ದಿನಬಳಕೆಯಲ್ಲಿತ್ತೆಂಬುದಕ್ಕೆ ಅವು ಸಾಕ್ಷಿಯಾಗಿವೆ.

18ನೇ ಶತಮಾನದಲ್ಲಿ ಲೂಯಿಸಿಯಾನದಲ್ಲಿ ನೆಲೆಸಿದ ಫ್ರೆಂಚರೂ, 1755ರಿಂದ ನೋವ ಸ್ಕೋಷಿಯದಿಂದ ಬ್ರಿಟಿಷರು ಹೊರದೂಡಿದ ಮೇಲೆ 1760ರ ದಶಕದಿಂದ ಅಲ್ಲಿಗೆ ಬಂದು ಸೇರಿದ ಅಕೇಡಿಯನ್ನರೂ ಸ್ಥಳೀಯರಿಂದ ಈ ನಾರಿನ ಗುಣವನ್ನು ಅರಿತುಕೊಂಡರು. ಕಲ್ಲು ಸಿಗದ, ನೆಲ ಸದಾ ತೇವವಾಗಿರುವ ಆ ಸೀಮೆಯಲ್ಲಿ ಸೈಪ್ರೆಸ್ ಮರದ ಕಂಬಗಳನ್ನು ನಿಲ್ಲಿಸಿ, ಕಂಬಗಳ ನಡುವೆ ಅಡ್ಡಗಳುಗಳನ್ನು ಕೂಡಿಸಿ, ಜೇಡಿಮಣ್ಣಿಗೆ ಮಾಸ್ ಕಲಸಿ ಆ ಗಳುಗಳ ಮೇಲೆ ಮೆತ್ತಿ ಗೋಡೆ ಎಬ್ಬಿಸುವ ಪದ್ಧತಿ ಬೆಳೆಯಿತು. ಬೂಸಿಯಾಜ್ ಎಂದು ಕರೆಯಲಾದ ಈ ಮಿಶ್ರಣದಲ್ಲಿ ಮಣ್ಣು ಉದುರದಂತೆ ಹಿಡಿದಿಡುವುದೇ ನಾರಿನ ಕೆಲಸ. ಕೇನ್ ನದಿಯ ದಂಡೆಯಲ್ಲೂ ಮಿಸಿಸಿಪಿಯ ಆಸುಪಾಸಿನಲ್ಲೂ ಇಂಥ ಗೋಡೆಯ ಹಳೆಯ ಮನೆಗಳು ಇಂದಿಗೂ ಉಳಿದಿವೆ. ಅದೇ ನಾರನ್ನು ಹುರಿಗೊಳಿಸಿ ಹಗ್ಗ ಹೊಸೆಯುತ್ತಿದ್ದರು, ನೇಯ್ದು ಕುದುರೆಯ ಜೀನಿನ ಕೆಳಗೆ ಹಾಸುತ್ತಿದ್ದರು, ಚೀಲಕ್ಕೆ ತುಂಬಿ ಹಾಸಿಗೆ ಮಾಡುತ್ತಿದ್ದರು. ಸಸ್ಯಶೋಧಕ ವಿಲಿಯಂ ಬಾರ್ಟ್ರಮ್ 1791ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಈ ಗಿಡಕ್ಕೆ ವಿಸ್ತಾರವಾದ ವಿವರಣೆಯಿದ್ದು, ಹಾಸಿಗೆ, ಕುರ್ಚಿ, ಜೀನುಗಳಿಗೆ ಅದನ್ನು ತುಂಬುವ ರೂಢಿಯೂ, ಚಳಿಗಾಲದಲ್ಲಿ ದನಗಳೂ ಜಿಂಕೆಗಳೂ ಅದನ್ನು ಮೇಯುವ ಸಂಗತಿಯೂ ಅಲ್ಲಿ ನಮೂದಾಗಿವೆ.

ಕೊಳೆಹಾಕುವ ಕೆಲಸ

ಕಸುಬಿನ ಗುಟ್ಟು ಗಿಡದ ಒಳರಚನೆಯಲ್ಲಿದೆ. ಕಾಂಡದ ನಟ್ಟನಡುವೆ ಗಡಸು ಜೀವಕೋಶಗಳಿಂದಾದ, ಕುದುರೆಯ ಬಾಲದ ಕೂದಲನ್ನು ಹೋಲುವ, ಸ್ಥಿತಿಸ್ಥಾಪಕತ್ವವುಳ್ಳ ಎಳೆಯೊಂದಿದ್ದು, ಅದರ ಸುತ್ತ ಮೆತ್ತನೆಯ ಹಸುರು ಪದರವೂ ಅದರ ಮೇಲೆ ಬೂದುಬಣ್ಣದ ಹೊದಿಕೆಯೂ ಇರುತ್ತವೆ. ಹಸಿಯಾಗಿಯೇ ತುಂಬಿದರೆ ಮೆತ್ತನೆಯ ಭಾಗ ಪುಡಿಪುಡಿಯಾಗಿ ಉದುರಿ ಹಾಸಿಗೆ ಬೇಗ ಕೆಡುತ್ತದೆ. ಆದ್ದರಿಂದ ಹೊರಭಾಗವನ್ನೆಲ್ಲ ಕಳೆದು ನಡುವಿನ ಎಳೆಯನ್ನಷ್ಟೇ ಉಳಿಸಿಕೊಳ್ಳಬೇಕಾಗುತ್ತದೆ. ಕನ್ನಡನಾಡಿನ ರೈತರು ಪುಂಡಿ ಮತ್ತು ಸಣಬಿನ ಗಿಡಗಳನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುವ ಕ್ರಮದ ಹಿಂದಿರುವ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಮಾಸ್ ಇಳಿಸುವವರು ಲೂಯಿಸಿಯಾನದ ಅಚಾಫಲಾಯ ಜೌಗುಪ್ರದೇಶದಂಥ ಕಡೆಗಳಲ್ಲಿ ಚಪ್ಪಟೆ ತಳದ ದೋಣಿಗಳಲ್ಲಿ ಹೋಗಿ, ತುದಿಗೆ ಕೊಕ್ಕೆಯನ್ನೋ ಮುಳ್ಳುತಂತಿಯನ್ನೋ ಕಟ್ಟಿದ ಉದ್ದನೆಯ ದೋಟಿಯಿಂದ ಜಡೆಗಳನ್ನು ಸುತ್ತಿ ಎಳೆದು ಕೆಡಹುತ್ತಿದ್ದರು. ಎತ್ತರದ ಕೊಂಬೆಗಳಿಗೆ ಮರ ಹತ್ತುವುದೂ, ದೋಣಿಯ ಮೇಲೆ ಅಟ್ಟಣೆ ಕಟ್ಟಿ ನಿಲ್ಲುವುದೂ ಇತ್ತು. 19ನೇ ಶತಮಾನದ ಕೊನೆಯಲ್ಲಿ ಸೈಪ್ರೆಸ್ ಕಾಡುಗಳನ್ನು ಕಡಿಯುವ ದೊಡ್ಡ ಉದ್ಯಮ ಆರಂಭವಾದ ಮೇಲೆ, ಉರುಳಿದ ಮರಗಳ ಮಾಸ್ ಸುಲಭವಾಗಿ ಕೈಗೆ ಸಿಗತೊಡಗಿತು. ತಂದ ಹಸಿಮಾಸ್ಸನ್ನು ಗುಂಡಿಗಳಲ್ಲಿ ಇಲ್ಲವೆ ನೆಲದ ಮೇಲೆ ರಾಶಿ ಒಟ್ಟಿ, ನೀರು ಹೊಯ್ದು, ನಡುನಡುವೆ ಮಗುಚಿ ಹಾಕುತ್ತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ರಾಶಿಯ ಒಳಗೆ ಕಾವು ಏರಿ ಸೂಕ್ಷ್ಮಜೀವಿಗಳು ಹೊರಪದರವನ್ನು ತಿಂದು ಮುಗಿಸಿದಾಗ ಬೂದುಬಣ್ಣ ಹೋಗಿ ಮಾಸ್ ಕಪ್ಪಾಗುತ್ತಿತ್ತು. ಕೊಳೆಯುವುದು ಕಡಿಮೆಯಾದರೆ ಸಿಪ್ಪೆ ಉಳಿಯುತ್ತದೆ, ಹೆಚ್ಚಾದರೆ ನಾರೇ ಬಲಗುಂದುತ್ತದೆ. ಆ ಹದವನ್ನು ಕೈಯಲ್ಲಿ ಉಜ್ಜಿ ನೋಡಿ ಹೇಳುವುದು ಅನುಭವದ ವಿದ್ಯೆಯಾಗಿತ್ತು. ಆಮೇಲೆ ಅದನ್ನು ಬೇಲಿಗಳ ಮೇಲೂ ಸಾಲುತಂತಿಗಳ ಮೇಲೂ ಹರವಿ, ಮಳೆಗೆ ತೊಳೆಯಲೂ ಬಿಸಿಲಿಗೆ ಒಣಗಲೂ ಬಿಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಉಳಿಯುತ್ತಿದ್ದುದು ಹಸಿಯ ತೂಕದ ಅಲ್ಪ ಅಂಶ ಮಾತ್ರ.

ಬಂಡವಾಳ ಬೇಡದ, ನೆಲ ಬೇಡದ ಈ ಕೆಲಸ ಸಹಜವಾಗಿಯೇ ನೆಲವಿಲ್ಲದವರ ಪಾಲಿಗೆ ಬಂದಿತು. ಅಮೆರಿಕದ ಅಂತರ್ಯುದ್ಧಕ್ಕೆ ಮುಂಚಿನ ಲೂಯಿಸಿಯಾನದ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಕರಿಯರು, ಒಡೆಯನ ಕೆಲಸ ಮುಗಿಸಿದ ಬಳಿಕ ಉಳಿದ ಹೊತ್ತಿನಲ್ಲಿ ಮಾಸ್ ಇಳಿಸಿ ಒಣಗಿಸಿ ಮಾರುತ್ತಿದ್ದರು. ತಮ್ಮ ದುಡಿಮೆಯಿಂದ ತಮ್ಮದೇ ಎಂದು ಹೇಳಿಕೊಳ್ಳಬಹುದಾದ ನಾಲ್ಕು ಕಾಸು ಕಾಣಲು ಅವರಿಗಿದ್ದ ಕೆಲವೇ ದಾರಿಗಳಲ್ಲಿ ಅದೂ ಒಂದಾಗಿತ್ತೆಂದು ತೋಟಗಳ ಲೆಕ್ಕಪುಸ್ತಕಗಳಿಂದ ತಿಳಿದುಬರುತ್ತದೆ. ಅವರ ಹಾಸಿಗೆಯೂ ಬಹುಪಾಲು ಇದೇ ನಾರಿನದಾಗಿತ್ತು. ಸ್ವತಂತ್ರನಾಗಿದ್ದು ಅಪಹರಣಕ್ಕೊಳಗಾಗಿ ಲೂಯಿಸಿಯಾನದಲ್ಲಿ ಹನ್ನೆರಡು ವರ್ಷ ಗುಲಾಮನಾಗಿ ಕಳೆದ ಸಾಲೊಮನ್ ನಾರ್ತಪ್ 1853ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ಮರಗಳ ಈ ಮಾಸ್ ಅಪಾರ ಪ್ರಮಾಣದಲ್ಲಿ ಉತ್ತರದ ರಾಜ್ಯಗಳ ತಯಾರಿಕೆಗಳಿಗೆ ಹೋಗುತ್ತಿದ್ದುದನ್ನು ನಮೂದಿಸಿದ್ದಾನೆ. ಮನೆಬಳಕೆಯ ವಸ್ತು ಆ ವೇಳೆಗಾಗಲೇ ದೂರದ ಮಾರುಕಟ್ಟೆಯ ಸರಕಾಗಿತ್ತೆಂಬುದಕ್ಕೆ ಈ ಮಾತು ಆಧಾರವಾಗಿದೆ.

ಯಂತ್ರ ಬಂದ ಕಾಲ

ಯೂರೋಪ್ ಮತ್ತು ಅಮೆರಿಕಗಳಲ್ಲಿ ಒಳ್ಳೆಯ ಹಾಸಿಗೆಗೂ ಮೆತ್ತೆಯ ಕುರ್ಚಿಗೂ ತುಂಬುತ್ತಿದ್ದುದು ಕುದುರೆಯ ಕೂದಲು. ಹತ್ತಿಯಂತೆ ಗಂಟುಗಟ್ಟದೆ, ಭಾರ ತೆಗೆದೊಡನೆ ಮೊದಲಿನಂತೆ ಉಬ್ಬಿ ನಿಲ್ಲುವುದು ಅದರ ಗುಣವಾದರೂ ಬೆಲೆ ಹೆಚ್ಚು. ಕೊಳೆಸಿ ಹದಮಾಡಿದ ಮಾಸ್ ಅದೇ ಗುಣವನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದುದರಿಂದ ರೈಲುಗಾಡಿಗಳೂ ಸಾರೋಟುಗಳೂ ಆಮೇಲೆ ಮೋಟಾರು ಕಾರುಗಳೂ ಹೆಚ್ಚಿದಂತೆ ಅದಕ್ಕೆ ಬೇಡಿಕೆ ಏರಿತು. ಹಳ್ಳಿಗರು ಒಣಗಿಸಿದ ಮಾಸ್‌ನಲ್ಲಿ ಕಡ್ಡಿ, ತೊಗಟೆ, ಸಿಪ್ಪೆಯ ಚೂರುಗಳು ಉಳಿದಿರುತ್ತಿದ್ದವು. ಅದನ್ನು ಬಿಡಿಸಿ ಶುದ್ಧಮಾಡಲು ಹಲ್ಲುಗಳುಳ್ಳ ಉರುಳೆಗಳ ನಡುವೆ ಹಾಯಿಸುವ ಯಂತ್ರಗಳು ಬಂದವು. ಹತ್ತಿಯ ಜಿನ್ನಿಂಗ್ ಯಂತ್ರದ ಹೆಸರನ್ನೇ ಪಡೆದ ಈ ಮಾಸ್ ಜಿನ್‌ಗಳು ಲೂಯಿಸಿಯಾನದ ನದಿ, ಹಳ್ಳಗಳ ದಂಡೆಯ ಊರುಗಳಲ್ಲೂ ಫ್ಲಾರಿಡದ ಗೇನ್ಸ್‌ವಿಲ್ ಮೊದಲಾದೆಡೆಗಳಲ್ಲೂ ನಡೆಯುತ್ತಿದ್ದವು. ಎಷ್ಟು ಶುದ್ಧವಾಗಿದೆಯೆಂಬುದನ್ನು ನೋಡಿ ದರ್ಜೆ ಕಟ್ಟಿ, ಅಂಡಿಗೆಗಳಾಗಿ ಒತ್ತಿ, ಹಾಸಿಗೆ ಮತ್ತು ಪೀಠೋಪಕರಣದ ಕಾರ್ಖಾನೆಗಳಿಗೆ ರವಾನಿಸಲಾಗುತ್ತಿತ್ತು.

ಜೌಗಿನಲ್ಲಿ ಬದುಕುತ್ತಿದ್ದ ಕುಟುಂಬಗಳ ವರ್ಷದ ದುಡಿಮೆಯಲ್ಲಿ ಮಾಸ್ ಒಂದು ಅಂಗವಾಗಿತ್ತೇ ಹೊರತು ಒಂದೇ ಆಧಾರವಾಗಿರಲಿಲ್ಲ. ಮೀನು, ಸಿಹಿನೀರಿನ ಕ್ರಾಫಿಶ್, ತುಪ್ಪಳಕ್ಕಾಗಿ ಹಿಡಿಯುವ ಪ್ರಾಣಿಗಳು ಇವೆಲ್ಲ ಆಯಾ ಕಾಲದಲ್ಲಿ ಒದಗುತ್ತಿದ್ದರೆ, ಬೇರೆ ಸಂಪಾದನೆ ಇಳಿಮುಖವಾದ ದಿನಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಮಾಸ್ ಇಳಿಸಿ ಊರಿನ ಅಂಗಡಿಗೆ ಹಾಕಿ, ಅದರ ಬೆಲೆಗೆ ದಿನಸಿ ತರುತ್ತಿದ್ದರು. ಈ ಕಾರಣದಿಂದಲೇ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಸುಬು ಕುಗ್ಗುವ ಬದಲು ಬೆಳೆಯಿತು: ಕೂಲಿ ಸಿಗದ ಜನರಿಗೆ ಮರದ ಮೇಲಿನ ಮಾಸ್ ಕೈಗೆಟಕುವಂತಿತ್ತು, ಅಗ್ಗದ ತುಂಬುವಸ್ತುವನ್ನು ಅರಸುತ್ತಿದ್ದ ತಯಾರಕರಿಗೂ ಅದೇ ಬೇಕಾಗಿತ್ತು. 1939ರಲ್ಲಿ ಹದಮಾಡಿದ ಮಾಸ್‌ನ ಉತ್ಪಾದನೆ 10,000 ಟನ್ನುಗಳನ್ನು ಮೀರಿತ್ತು.

ಇಳಿತವೂ ಅಷ್ಟೇ ವೇಗವಾಗಿ ಬಂದಿತು. ರಬ್ಬರಿನ ಹಾಲನ್ನು ನೊರೆಗಟ್ಟಿಸಿ ಮೆತ್ತೆ ಮಾಡುವ ವಿಧಾನವನ್ನು ಡನ್‌ಲಪ್ ಕಂಪನಿಯಲ್ಲಿ 1929ರಲ್ಲಿ ಕಂಡುಹಿಡಿಯಲಾಯಿತು; ಜರ್ಮನಿಯಲ್ಲಿ ಒಟೊ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಪಾಲಿಯುರಿಥೇನ್ ರಸಾಯನವನ್ನು ರೂಪಿಸಿದರು, 1950ರ ದಶಕದಲ್ಲಿ ಅದರ ಮೆತ್ತನೆಯ ಫೋಮ್ ಮಾರುಕಟ್ಟೆಗೆ ಬಂದಿತು. ಬೇಕಾದ ಅಳತೆಗೆ ಕತ್ತರಿಸಬಹುದಾದ, ಪ್ರತಿ ತುಂಡೂ ಒಂದೇ ಗುಣದ, ಕಾರ್ಖಾನೆಯಿಂದ ವರ್ಷವಿಡೀ ಒದಗುವ ಈ ವಸ್ತುವಿನೆದುರು, ಕೊಳೆತ ಹದವನ್ನು ಅವಲಂಬಿಸಿ ಗುಣ ಬದಲಾಗುತ್ತಿದ್ದ ಕಾಡಿನ ನಾರು ನಿಲ್ಲಲಾರದೆ ಹೋಯಿತು. ಇನ್ನೊಂದು ಕಡೆಯಲ್ಲಿ, 1927ರ ಮಿಸಿಸಿಪಿಯ ಮಹಾಪೂರದ ಬಳಿಕ ಪ್ರವಾಹವನ್ನು ತಿರುಗಿಸಲು ಅಚಾಫಲಾಯದ ಇಕ್ಕೆಲಗಳಲ್ಲಿ ಎತ್ತರದ ಏರಿಗಳನ್ನು ಕಟ್ಟಿದುದರಿಂದ ಜೌಗಿನೊಳಗಿನ ವಸತಿಗಳು ಒಂದೊಂದಾಗಿ ಬರಿದಾದವು. ತೈಲ ಮತ್ತು ಅನಿಲದ ಉದ್ಯಮ ಅಲ್ಲಿನ ಕುಟುಂಬಗಳ ಮಕ್ಕಳಿಗೆ ಮಾಸಿಕ ಸಂಬಳದ ಕೆಲಸ ಕೊಟ್ಟಿತು. ಕೊಳ್ಳುವವರೂ ಇಳಿಸುವವರೂ ಒಟ್ಟೊಟ್ಟಿಗೆ ಇಲ್ಲವಾದಾಗ ಜಿನ್‌ಗಳು ಮುಚ್ಚಿದವು.

ಕಸವೆಂದು ಕಳೆದ ಹೊದಿಕೆ

ಕಸುಬು ಬೆಳೆಯುತ್ತಿದ್ದ ಕಾಲದಲ್ಲೇ ಸಸ್ಯಶಾಸ್ತ್ರಜ್ಞರ ಕುತೂಹಲ ಗಿಡದ ಹೊರಮೈಯತ್ತ ತಿರುಗಿತ್ತು. ಬೇರಿಲ್ಲದ ಗಿಡ ನೀರನ್ನು ಎಲ್ಲಿಂದ ಪಡೆಯುತ್ತದೆ ಎಂಬ ಪ್ರಶ್ನೆಗೆ ಜರ್ಮನಿಯ ಆಂಡ್ರಿಯಾಸ್ ಶಿಂಪರ್ 1880ರ ದಶಕದಲ್ಲಿ ಉತ್ತರ ಕೊಟ್ಟ: ಎಲೆ ಮತ್ತು ಕಾಂಡಗಳನ್ನು ಮುಚ್ಚಿರುವ ಸೂಕ್ಷ್ಮ ಹುರುಪೆಗಳೇ ನೀರನ್ನು ಹೀರುವ ಅಂಗಗಳು. 1888ರಲ್ಲಿ ಅಮೆರಿಕದ ಅಪ್ಪುಗಿಡಗಳ ಬಗ್ಗೆ ಅವನು ಬರೆದ ಗ್ರಂಥ ಈ ವಿಷಯಕ್ಕೆ ಇಂದಿಗೂ ಮೂಲಭೂತವಾದುದು. ಕಾರ್ಲ್ ಮೆಟ್ಸ್ 1904ರಲ್ಲಿ ಹುರುಪೆಗಳ ಕೆಲಸವನ್ನು ಇನ್ನಷ್ಟು ವಿವರಿಸಿದ. ಪ್ರತಿ ಹುರುಪೆಯ ಅಗಲವಾದ ಅಂಚು ಸತ್ತ ಜೀವಕೋಶಗಳಿಂದಾಗಿದ್ದು, ಅದರ ಪುಟ್ಟ ತೊಟ್ಟು ಮಾತ್ರ ಜೀವಂತವಾಗಿರುತ್ತದೆ. ಮಳೆಯೋ ಇಬ್ಬನಿಯೋ ತಾಕಿದಾಗ ಅಂಚು ನೀರನ್ನು ಹೀರಿ ಎಲೆಗೆ ಒತ್ತಿಕೊಳ್ಳುತ್ತದೆ, ತೊಟ್ಟಿನ ಮೂಲಕ ನೀರು ಒಳಕ್ಕೆ ಹೋಗುತ್ತದೆ. ಒಣಗಿದಾಗ ಅಂಚು ಮೇಲೆದ್ದು ನೀರು ಹೊರಹೋಗದಂತೆ ತಡೆಯುವುದಲ್ಲದೆ ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ. ಒಣಗಿದ ಗಿಡ ಬೆಳ್ಳಿಯಂತೆ ಬೂದಾಗಿಯೂ, ನೆನೆದ ಗಿಡ ಹಸುರಾಗಿಯೂ ಕಾಣುವುದಕ್ಕೆ ಇದೇ ಕಾರಣ.

ಗಾಳಿಯಿಂದ ಇಂಗಾಲವನ್ನು ಪಡೆಯುವ ಕ್ರಮವೂ ವಿಶಿಷ್ಟವಾದುದು. ಬಹುಪಾಲು ಸಸ್ಯಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡರೆ, ಈ ಗಿಡ ನೀರು ಆವಿಯಾಗದಿರಲೆಂದು ಹಗಲಿನಲ್ಲಿ ಅವನ್ನು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆದು, ಒಳಗೆ ಬಂದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಆಹಾರ ಮಾಡಿಕೊಳ್ಳುತ್ತದೆ. ಪಾಪಾಸುಕಳ್ಳಿಯೂ ಅನಾನಸ್ಸೂ ಇದೇ ದಾರಿಯನ್ನು ಹಿಡಿದಿವೆ. ಆದರೆ ಸ್ಪ್ಯಾನಿಶ್ ಮಾಸ್‌ನ ಮೈತುಂಬ ಹುರುಪೆಗಳಿರುವುದರಿಂದ, ಅವು ಬಹಳ ಹೊತ್ತು ನೆನೆದೇ ಇದ್ದರೆ ನೀರಿನ ಪೊರೆ ಮೈಯನ್ನೆಲ್ಲ ಮುಚ್ಚಿ ಅನಿಲ ಒಳಗೆ ಹೋಗುವುದೇ ನಿಂತುಬಿಡುತ್ತದೆ. ನೀರು ಬೇಕು, ನೀರು ಬೇಗ ಆರಲೂ ಬೇಕು ಎಂಬುದು ಈ ಗಿಡದ ಬದುಕಿನ ಮೂಲನಿಯಮ.

ಆಹಾರಾಂಶಗಳ ವಿಷಯದಲ್ಲಿ ವಿಲಿಯಂ ಶ್ಲೆಸಿಂಜರ್ ಮತ್ತು ಪೀಟರ್ ಮಾರ್ಕ್ಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಮರದ ಎಲೆಗಳ ಮೇಲಿಂದ ತೊಟ್ಟಿಕ್ಕುವ ಮಳೆನೀರು ಕರಗಿಸಿ ತರುವ ಖನಿಜಗಳೂ ಗಾಳಿಯ ಧೂಳೂ ಈ ಗಿಡವನ್ನು ಪೋಷಿಸುತ್ತವೆ. ಯಾವ ಮರ ಹೆಚ್ಚು ಖನಿಜಗಳನ್ನು ಮಳೆಗೆ ಬಿಟ್ಟುಕೊಡುತ್ತದೆಯೋ ಅದರಲ್ಲಿ ಮಾಸ್ ದಟ್ಟವಾಗುತ್ತದೆ. ಗಾಳಿ ತಂದುದನ್ನೆಲ್ಲ ಹೀರಿಕೊಳ್ಳುವ ಈ ಗುಣವೇ ಇನ್ನೊಂದು ಬಳಕೆಗೆ ದಾರಿಮಾಡಿ, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ನಗರದ ಗಾಳಿಯಲ್ಲಿರುವ ಸೀಸ, ಪಾದರಸಗಳಂಥ ಲೋಹಗಳನ್ನು ಅಳೆಯಲು ಅದನ್ನು ತೂಗುಹಾಕಲಾಗಿದೆ.

ಬೆಳೆಸುವ ಕ್ರಮ

ಇಂದು ಈ ಗಿಡ ಬೆಂಗಳೂರಿನ ನರ್ಸರಿಗಳಲ್ಲೂ ದೊರೆಯುತ್ತದೆ. ಅದನ್ನು ಬೆಳೆಸುವ ನಿಯಮಗಳೆಲ್ಲವೂ ಹುರುಪೆಗಳ ಸ್ವಭಾವದಿಂದಲೇ ಹೊರಡುತ್ತವೆ. ಮಣ್ಣು, ಕುಂಡ ಯಾವುದೂ ಬೇಡ. ಮರದ ಕೊಂಬೆಗೋ ಕಂಬಿಗೋ ತೂಗುಹಾಕಿದರೆ ಸಾಕು. ಆದರೆ ಬ್ರೊಮೀಲಿಯಗಳಿಗೆ ತಾಮ್ರ ವಿಷವಾಗಿರುವುದರಿಂದ ತಾಮ್ರದ ತಂತಿಯನ್ನೂ, ತಾಮ್ರ ಬೆರೆತ ಶಿಲೀಂಧ್ರನಾಶಕಗಳನ್ನೂ ದೂರವಿಡಬೇಕು. ಅಡಕೆಗೆ ಸಿಂಪಡಿಸುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಲವಣ ಇರುವುದರಿಂದ ಮಲೆನಾಡಿನ ತೋಟಗಳ ಹತ್ತಿರ ಇದನ್ನು ಬೆಳೆಸುವವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿಯಿದು. ಮರದ ನೆರಳಿನೊಳಗೆ ಸೋಸಿ ಬರುವಂಥ ಒಳ್ಳೆಯ ಬೆಳಕು ಬೇಕು. ಮಧ್ಯಾಹ್ನದ ಉರಿಬಿಸಿಲು ಎಲೆಗಳನ್ನು ಸುಡುತ್ತದೆ, ಕೋಣೆಯ ಕತ್ತಲ ಮೂಲೆ ಗಿಡವನ್ನು ಸೊರಗಿಸುತ್ತದೆ.

ನೀರನ್ನು ಬೆಳಗಿನ ಹೊತ್ತು ಕೊಡುವುದು ಉತ್ತಮ, ಏಕೆಂದರೆ ರಾತ್ರಿ ಪತ್ರರಂಧ್ರಗಳು ತೆರೆಯುವ ವೇಳೆಗೆ ಮೈ ಆರಿರಬೇಕು. ಮೇಲುಮೇಲೆ ನೀರು ಚಿಮುಕಿಸುವುದಕ್ಕಿಂತ, ಬೂದುಬಣ್ಣ ಪೂರ್ತಿ ಹಸುರಾಗುವವರೆಗೆ ತೊಯ್ಯಿಸುವುದು, ಇಲ್ಲವೆ ಕಾಲುಗಂಟೆ ನೀರಿನಲ್ಲಿ ಮುಳುಗಿಸಿ ಕೊಡವಿ ತೂಗುಹಾಕುವುದು ಫಲಕಾರಿ. ಮಳೆನೀರು ಎಲ್ಲಕ್ಕಿಂತ ಮೇಲು. ಗಡಸು ಕೊಳವೆಬಾವಿ ನೀರಿನ ಲವಣಗಳು ಹುರುಪೆಗಳ ಮೇಲೆ ಬಿಳಿಯಾಗಿ ಕಟ್ಟಿಕೊಂಡು ಹೀರುವ ಶಕ್ತಿಯನ್ನು ಕುಂದಿಸುತ್ತವೆ. ಬೆಂಗಳೂರು, ಮೈಸೂರುಗಳ ಒಣ ತಿಂಗಳುಗಳಾದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೆ ಮೂರು ನಾಲ್ಕು ಬಾರಿಯೂ, ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ನೆರಳಿನಲ್ಲಿಟ್ಟು ದಿನವೂ ತೊಯ್ಯಿಸಬೇಕಾಗಬಹುದು. ಆಗುಂಬೆಯಂಥ ಕಡೆಗಳಲ್ಲಿ ಸಮಸ್ಯೆ ತಿರುವುಮುರುವು: ಮುಂಗಾರಿನಲ್ಲಿ ಹಗಲಿರುಳು ತೋಯುವ ಗಿಡ ಉಸಿರುಕಟ್ಟಿ ಕೊಳೆಯುತ್ತದೆಯಾದ್ದರಿಂದ ಆ ತಿಂಗಳುಗಳಲ್ಲಿ ಅದನ್ನು ಗಾಳಿಯಾಡುವ ಸೂರಿನಡಿಗೆ ತರಬೇಕು. ಜಡೆ ದಪ್ಪವಾದರೆ ಒಳಗಿನ ಎಳೆಗಳಿಗೆ ಗಾಳಿ ಬೆಳಕು ಸಿಗದೆ ಅವು ಕಂದಾಗಿ ಸಾಯುತ್ತವೆ. ಆಗಾಗ ಬಿಡಿಸಿ ತೆಳುವಾಗಿ ಹರವಬೇಕು. ಹಾಗೆ ಬಿಡಿಸಿದ ಪ್ರತಿ ತುಂಡೂ ಬೇರೊಂದು ಗಿಡವಾಗಿ ಬೆಳೆಯುತ್ತದೆ, ಬೀಜದ ಗೊಡವೆಯೇ ಬೇಡ. ಗೊಬ್ಬರ ಕೊಡುವುದಾದರೆ ತಾಮ್ರವಿಲ್ಲದ ದ್ರವಗೊಬ್ಬರವನ್ನು ಹೇಳಿದ ಪ್ರಮಾಣದ ಕಾಲುಭಾಗಕ್ಕೆ ತೆಳುಮಾಡಿ ತಿಂಗಳಿಗೊಮ್ಮೆ ಸಿಂಪಡಿಸಿದರೆ ಸಾಕು. ಜಡೆಯೊಳಗೆ ಕಾಣುವ ಕಪ್ಪು ಎಳೆ ಸತ್ತ ಭಾಗದ್ದು. ಕಸುಬಿನ ಕಾಲದಲ್ಲಿ ಬೆಲೆಯಿದ್ದುದು ಅದಕ್ಕೇ ಆದರೂ ಈಗ ಅದು ಗಿಡ ಸೊರಗುತ್ತಿದೆಯೆಂಬುದರ ಗುರುತು.

ಒಂದು ಗಿಡ ನಾರಾಗಿ ಬೇಕಾಗಿದ್ದಾಗ ಅದನ್ನು ಬೆಳೆಸುವ ಅಗತ್ಯವೇ ಬೀಳಲಿಲ್ಲ. ಮರಗಳು ಇದ್ದಷ್ಟು ದಿನ ಮಾಸ್ ತಾನಾಗಿ ಬೆಳೆಯುತ್ತಿತ್ತು, ಇಳಿಸುವವರ ಕೈ ಎಷ್ಟು ಬೇಗ ನಡೆದರೂ ಕೊಂಬೆಯಲ್ಲಿ ಉಳಿದ ಎಳೆಗಳಿಂದ ಅದು ಮತ್ತೆ ಹಬ್ಬುತ್ತಿತ್ತು. ನಾರಿನ ಕಸುಬು ನಿಂತರೂ ಅಲಂಕಾರಕ್ಕಾಗಿ ಗಿಡವನ್ನು ಕಾಡಿನಿಂದ ಇಳಿಸುವ ರೂಢಿ ಬೇರೆಡೆ ಇನ್ನೂ ನಿಂತಿಲ್ಲ. ಮೆಕ್ಸಿಕೊದಲ್ಲಿ ಕ್ರಿಸ್ಮಸ್ಸಿನ ಗೋದಲಿಗಳನ್ನು ಸಿಂಗರಿಸಲು ಈ ಮಾಸ್ಸನ್ನು ಪ್ರತಿ ಡಿಸೆಂಬರಿನಲ್ಲೂ ಕಾಡಿನಿಂದ ತಂದು ಮಾರುವ ಪದ್ಧತಿ ಬಳಕೆಯಲ್ಲಿದೆ. ಅದೇ ಕುಲದ ಟಿಲ್ಯಾಂಡ್ಸಿಯ ಜೆರೊಗ್ರಾಫಿಕದಂಥ ಪ್ರಭೇದಗಳು ಕಾಡಿನಿಂದ ವಿಪರೀತವಾಗಿ ಹೊರಹೋಗುತ್ತಿದ್ದುದರಿಂದ ಅವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ವನ್ಯಜೀವಿ ವ್ಯಾಪಾರದ ಒಪ್ಪಂದವಾದ ಸೈಟಿಸ್‌ನ ನಿಯಂತ್ರಣಕ್ಕೆ ತರಲಾಯಿತು. ಮರದಿಂದ ಇಳಿಸಿದ ಕೂಡಲೇ ಮೌಲ್ಯ ಮುಗಿದುಹೋಗುತ್ತಿದ್ದ ಹಸಿ ಹೊದಿಕೆಗೆ ಈಗ ಬೆಲೆ ಬಂದಿರುವುದರಿಂದ, ಆ ಹೊದಿಕೆಯನ್ನು ಬದುಕಿಸಿ ಹಬ್ಬಿಸುವ ವಿದ್ಯೆ ಹವ್ಯಾಸವಷ್ಟೇ ಆಗಿ ಉಳಿದಿಲ್ಲ. ಒಂದು ಕೈಹಿಡಿಯಷ್ಟು ತುಂಡಿನಿಂದ ಕೆಲವೇ ವರ್ಷಗಳಲ್ಲಿ ಹತ್ತಾರು ಜಡೆಗಳು ಬೆಳೆಯಬಲ್ಲವಾದ್ದರಿಂದ, ತೋಟಗಳಲ್ಲಿ ಬೆಳೆದ ಗಿಡಗಳು ಮಾರುಕಟ್ಟೆಯ ಬೇಡಿಕೆಯನ್ನು ತುಂಬಿದಷ್ಟೂ ಕಾಡಿನ ಮರಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ.